ಅರ್ಧಕ್ಕೆ ನಿಂತ ಪ್ರಾರ್ಥನೆ

ನಮ್ಮ ಮನೆಯ ನಾಗಬನಕ್ಕೆ ಪೂಜೆ ಮಾಡುತ್ತಿದ್ದ ಭಟ್ಟರಿಗೆ ಹಾವೆಂದರೆ ಕೈಕಾಲು ನಡುಗುತ್ತಿತ್ತು. ತಮಾಷೆಗೆ ಹೇಳುತ್ತಿಲ್ಲ. ಒಮ್ಮೆ ಅವರ ಮನೆಯ ಬಚ್ಚಲಿಗೆ ಒಂದು ಬಡಪಾಯಿ ಕೇರೆ ಹಾವು ಬಂತು. ಮೈಗೆ ಎಣ್ಣೆ ಹಚ್ಚಿಕೊಂಡು ಸ್ನಾನಕ್ಕೆ ಹೊರಟಿದ್ದ ಭಟ್ಟರು ಅಂಗಳ ದಾಟಿ, ಗದ್ದೆಯ ಬದುವಾದ ಹುಣಿಯ ಮೇಲೆ ನಿಂತು, "ಯಾರಾದರೂ ಬನ್ನಿ ಮಾರಾಯ್ರೆ!" ಎಂದು ಕೂಗಿದ್ದು ನಮ್ಮೂರು ಇನ್ನಂಜೆಯ ಅರ್ಧಕ್ಕೆ ಕೇಳಿಸಿತ್ತು. ನಾಗರಪಂಚಮಿಯ ದಿನ ಇದೇ ಮನುಷ್ಯ ಬನದೊಳಗೆ ಹೋಗಿ, ಹುತ್ತದ ಪಕ್ಕದಲ್ಲೇ ಕುಳಿತು ನಾಗನ ಕಲ್ಲಿಗೆ ಹಾಲೆರೆಯುತ್ತಿದ್ದರು. ಆಗಲೂ ಹೆದರಿಕೆ ಇರುತ್ತಿತ್ತು. ಮಂತ್ರದ ನಡುವೆ ಒಂದು ಕಣ್ಣು ಹುತ್ತದ ಕಡೆಗೇ ಇರುತ್ತಿದ್ದುದನ್ನು ನಾನು ನೋಡಿದ್ದೇನೆ.

ಒಮ್ಮೆ ಕೇಳಿಯೇ ಬಿಟ್ಟೆ. "ಎಂತ ಭಟ್ರೆ, ನಿಮ್ಮ ದೇವರಿಗೇ ನೀವು ಹೀಗೆ ಹೆದರುವುದಾ?"

"ಹೆದರುವವನೇ ಪೂಜೆ ಮಾಡಬೇಕು ಟೀಚರೆ. ಹೆದರಿಕೆ ಹೋದ ಮೇಲೆ ಉಳಿಯುವುದು ದಕ್ಷಿಣೆ ಒಂದೇ" ಎಂದರು.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬದುಕಿದ್ದಾಗಲೂ ನಾವು ಯಾರೂ ಹೆಸರು ಹಿಡಿದು ಕರೆದದ್ದಿಲ್ಲ. ನಮ್ಮ ಮಟ್ಟಿಗೆ ಭಟ್ರು ಎಂದರೆ ಅವರೇ. ನಾನು ಕಡಿಯಾಳಿಯ ಹತ್ತಿರದ ಒಂದು ಶಾಲೆಯಲ್ಲಿ ಟೀಚರಾಗಿದ್ದೆ. ವಾರವಿಡೀ ಉಡುಪಿಯ ಬಾಡಿಗೆ ಕೋಣೆ, ಶನಿವಾರ ಬಸ್ಸು ಹತ್ತಿ ಇನ್ನಂಜೆಯ ಮನೆ. ಭಟ್ಟರಿಗೆ ನನ್ನ ಹೆಸರು ಚೆನ್ನಾಗಿ ಗೊತ್ತಿದ್ದರೂ "ಟೀಚರೆ" ಎಂದೇ ಕರೆಯುತ್ತಿದ್ದರು. ಹಾಗೆ ಕರೆಯುವಾಗ ಅವರ ಬಾಯಿಯಲ್ಲಿ ಅರ್ಧ ಗೌರವ, ಅರ್ಧ ಕೀಟಲೆ. ನಾವು ಮಾತಾಡಿದ್ದೆಲ್ಲ ತುಳುವಿನಲ್ಲಿ. ಬರೆಯುವಾಗ ಕನ್ನಡವಾಗಿದೆ, ಆದರೂ ನನ್ನ ಕಿವಿಗೆ ಅವರ ಸ್ವರವೇ ಕೇಳುತ್ತದೆ.

ಅವರನ್ನು ದೊಡ್ಡ ಮಹಾತ್ಮರು ಎಂದು ತಿಳಿಯಬಾರದು. ಮಡಿ, ಆಚಾರ ಎಂದು ಊರಿನಲ್ಲಿ ಹಾರಾಡುತ್ತಿದ್ದವರು ಉಡುಪಿಗೆ ಬಂದರೆ ಕಡಿಯಾಳಿಯ ಒಂದು ಹೋಟೆಲಿನ ಮೂಲೆಯ ಮೇಜಿನಲ್ಲಿ ಗೋಡೆಗೆ ಮುಖ ಮಾಡಿ ಕುಳಿತು ಗೋಳಿಬಜೆ ತಿನ್ನುತ್ತಿದ್ದರು. ಒಂದು ದಿನ ನಾನು ಹಿಂದಿನಿಂದ ಹೋಗಿ, "ಚಟ್ನಿ ಸ್ವಲ್ಪ ಖಾರ ಅಲ್ವಾ ಭಟ್ರೆ?" ಎಂದೆ. ಅವರು ತಿರುಗಿ ನೋಡಲೂ ಇಲ್ಲ. "ಟೀಚರು ನೋಡಿದ್ದು ಲೆಕ್ಕಕ್ಕಿಲ್ಲ. ನೀವೂ ಕುಳಿತುಕೊಳ್ಳಿ, ಆಗ ಇಬ್ಬರೂ ಹೇಳುವ ಹಾಗಿಲ್ಲ" ಎಂದು ಇನ್ನೊಂದು ಪ್ಲೇಟು ತರಿಸಿದರು.

ಹಳೆಯದನ್ನೆಲ್ಲ ತಬ್ಬಿಕೊಂಡು ಕುಳಿತವರೂ ಅಲ್ಲ. ಊರಿಗೆ ಕರೆಂಟು ಬಂದಾಗ ಮೊದಲು ಫ್ಯಾನು ತಿರುಗಿದ್ದು ಅವರ ಜಗಲಿಯಲ್ಲಿ. ಮಗನಿಗೆ ಬ್ಯಾಂಕಿನಲ್ಲಿ ಕೆಲಸವಾಗಲಿ ಎಂದು ಯಾವ ದೇವರನ್ನೂ ಬಿಡದೆ ಬೇಡಿಕೊಂಡಿದ್ದರು. ಮಣಿಪಾಲದ ಬೋಳು ಗುಡ್ಡೆಯ ಮೇಲೆ ಕಾಲೇಜು, ಆಸ್ಪತ್ರೆಗಳು ಏಳುತ್ತಿದ್ದುದನ್ನು ನೋಡಲಿಕ್ಕೆಂದೇ ಬಸ್ಸು ಹತ್ತಿ ಹೋಗಿ, ಎರಡು ಸುತ್ತು ನಡೆದು ಬರುತ್ತಿದ್ದರು. "ಎಷ್ಟು ಕಟ್ಟಿದ್ದಾರೆ ಮಾರಾಯ್ರೆ!" ಎಂದು ಬಾಯಿ ತುಂಬ ಹೊಗಳುತ್ತಿದ್ದರು.

ಆದರೆ ಬನದ ವಿಷಯಕ್ಕೆ ಬಂದರೆ ಬೇರೆಯೇ ಮನುಷ್ಯ. ನಮ್ಮ ಕಡೆ ಹಳೆಯ ಸಂಸಾರಗಳಿಗೆಲ್ಲ ಒಂದೊಂದು ನಾಗಬನ ಇರುತ್ತದೆ. ಮನೆಯ ಜಾಗದ ಒಂದು ಮೂಲೆಯನ್ನು ನಾಗನದ್ದೆಂದು ಕಾಡಾಗಿಯೇ ಬಿಟ್ಟಿರುತ್ತಾರೆ. ಅಲ್ಲಿಂದ ಒಣ ಕಡ್ಡಿಯನ್ನೂ ತರುವ ಹಾಗಿಲ್ಲ. ನಮ್ಮದರಲ್ಲಿ ಒಂದು ಭಾರೀ ಹಾಲೆ ಮರ, ಕಾಸರಕ, ನಾಗಸಂಪಿಗೆ, ಬಿಳಲುಗಳು, ನಡುವೆ ಹುತ್ತ, ಅದರ ಬುಡದಲ್ಲಿ ಸವೆದುಹೋದ ಹೆಡೆಯ ಕಲ್ಲುಗಳು. ಮಧ್ಯಾಹ್ನ ಹೋದರೂ ಒಳಗೆ ಕತ್ತಲೆ. ಉಡ, ಮುಂಗುಸಿ, ಕೆಂಬೂತ, ಬಾವಲಿ, ಇನ್ನು ಏನೇನಿತ್ತೋ ನಮಗೆ ಗೊತ್ತಿಲ್ಲ. ಗೊತ್ತು ಮಾಡಿಕೊಳ್ಳುವುದು ನಮ್ಮ ಕೆಲಸವಲ್ಲ ಎಂಬುದು ಭಟ್ಟರ ಅಭಿಪ್ರಾಯ.

ಪೂಜೆಯ ಹಿಂದಿನ ದಿನ ಬನದೊಳಗೆ ದಾರಿ ಬಿಡಿಸುವಾಗ ಅವರೇ ಬಂದು ನಿಲ್ಲುತ್ತಿದ್ದರು. ಅವರ ಹೊಟ್ಟೆ ದಾಟುವಷ್ಟು ಅಗಲ ಸಾಕು, ಒಂದು ಗೇಣು ಹೆಚ್ಚು ಕಡಿದರೂ ಬೈಗುಳ. "ನನ್ನ ಹೊಟ್ಟೆಗೇ ಇಷ್ಟು ಸಾಲುತ್ತದೆ, ನಿಮಗೆಲ್ಲ ಎಂತಕ್ಕೆ ರಾಜಬೀದಿ?" ಪೂಜೆ ಮುಗಿದ ಕೂಡಲೇ ನಮ್ಮನ್ನು ಓಡಿಸುವುದಕ್ಕೆ ಅವಸರ. ನಾವು ಹೆಂಗಸರು ಸಂಪಿಗೆ ಮರ ನೋಡುತ್ತಾ ಒಂದು ಗಳಿಗೆ ನಿಂತರೆ, "ಆಯ್ತು, ಆಯ್ತು, ಹೊರಡಿ. ಕಂಡವರ ಮನೆಯಲ್ಲಿ ಎಷ್ಟು ಹೊತ್ತು ನಿಲ್ಲುವುದು?" ಎನ್ನುತ್ತಿದ್ದರು. ಪ್ರಸಾದ ಹಂಚುತ್ತಿದ್ದದ್ದು ಬನದ ಹೊರಗೆ ಬಂದ ಮೇಲೆಯೇ.

ಇಷ್ಟು ಹೇಳಿದ ಮೇಲೆ ಇನ್ನೊಂದನ್ನೂ ಹೇಳಬೇಕು. ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ನಮ್ಮ ಕಡೆ ಬನ ಕಡಿಯುವ ಗಾಳಿ ಬೀಸಿತು. ಸಿಟ್ಟಿನಿಂದ ಕಡಿದದ್ದಲ್ಲ, ಭಕ್ತಿಯಿಂದ. ಬೊಂಬಾಯಿಯ ಹೋಟೆಲುಗಳಿಂದ, ಗಲ್ಫಿನಿಂದ ನಾಲ್ಕು ಕಾಸು ಬಂದಿತ್ತು. ನಾವು ತಾರಸಿ ಮನೆಯಲ್ಲಿರುವಾಗ ನಾಗ ಮಳೆಯಲ್ಲಿ ನೆನೆಯುವುದೇ ಎಂದು ಜನರಿಗೆ ನಿಜವಾಗಿಯೂ ಬೇಸರ. ಅದಕ್ಕೆ ಮರ ಕಡಿದು, ಹುತ್ತ ಅಗೆದು, ಸಿಮೆಂಟಿನ ಕಟ್ಟೆ ಕಟ್ಟಿ, ಸುತ್ತ ಕಬ್ಬಿಣದ ಬೇಲಿ ಹಾಕಿ, ಹೊಸ ಕಲ್ಲು ಪ್ರತಿಷ್ಠೆ ಮಾಡಿಸುತ್ತಿದ್ದರು. ನಾಗನಿಗೆ ಒಳ್ಳೆಯದು ಮಾಡಲಿಕ್ಕೆ ಹೋಗಿ ನಾಗನ ಮನೆಯನ್ನೇ ತೆಗೆಯುವ ಬುದ್ಧಿ ನಮ್ಮವರಿಗಲ್ಲದೆ ಯಾರಿಗೆ ಬಂದೀತು! ಕಾಪುವಿನಿಂದ ಈಚೆಗೆ ಅಂಥ ಎಷ್ಟೋ ಕಟ್ಟೆಗಳ ಕೆಲಸಕ್ಕೆ ಹೋದವರು ನಮ್ಮ ಭಟ್ಟರೇ. ಕರೆದರೆ ಹೋಗುತ್ತಿದ್ದರು. ಅದು ಅವರ ಕಸುಬು.

ಕೊನೆಗೆ ಆ ಗಾಳಿ ನಮ್ಮ ಮನೆಗೂ ಬಂತು. ನನ್ನ ಅಣ್ಣ ಮಸ್ಕತಿನಲ್ಲಿದ್ದ. ಅಲ್ಲಿನ ಸೆಖೆಗೋ ನೀರಿಗೋ ಅವನ ಮೈಯೆಲ್ಲ ತುರಿಕೆ. ರಜೆಯಲ್ಲಿ ಬಂದವನು ಮಣಿಪಾಲದ ಡಾಕ್ಟರರಿಂದ ಮುಲಾಮು ತಂದ. ಅಷ್ಟಕ್ಕೆ ಸುಮ್ಮನಾಗದೆ ಕಾರ್ಕಳದ ಒಬ್ಬ ಜೋಯಿಸರಲ್ಲಿ ಹೋಗಿ ಪ್ರಶ್ನೆ ಇಡಿಸಿದ. ನಮ್ಮಲ್ಲಿ ಚರ್ಮದ ಕಾಯಿಲೆ ಬಂದರೆ ಮೊದಲ ಗುಮಾನಿ ನಾಗನ ಮೇಲೆಯೇ. ನಾಗ ಕತ್ತಲೆಯಲ್ಲಿ, ಕಸದಲ್ಲಿ ಕುಳಿತಿದ್ದಾನೆ, ಅವನಿಗೆ ಸಮಾಧಾನವಿಲ್ಲ ಎಂದರಂತೆ ಜೋಯಿಸರು. ಅಣ್ಣ ಒಳ್ಳೆಯವನು, ದೇವರೆಂದರೆ ಕಣ್ಣಲ್ಲಿ ನೀರು ತರುವವನು. ಕಾರ್ಕಳದಿಂದ ಬಂದವನೇ ಮೇಸ್ತ್ರಿಗೆ ಹೇಳಿದ, ಮರದ ವ್ಯಾಪಾರದ ಸಾಯ್ಬರಿಗೆ ಹೇಳಿದ, ಆಮೇಲೆ ಭಟ್ಟರಿಗೆ ಹೇಳಿದ.

ನನಗೆ ಆ ಬನ ಇಲ್ಲದ ನಮ್ಮ ಮನೆಯನ್ನು ನೆನೆಸಿಕೊಳ್ಳಲಿಕ್ಕೂ ಆಗುತ್ತಿರಲಿಲ್ಲ. "ಅಣ್ಣ, ಬೇಡ" ಎಂದು ಹೇಳಿದೆ, ಜಗಳವನ್ನೂ ಮಾಡಿದೆ. "ನಿನಗೆ ತುರಿಸುವುದಿಲ್ಲ, ಅದಕ್ಕೆ ಹೇಳುತ್ತಿ" ಎಂದ.

ಭಟ್ಟರ ಹತ್ತಿರ ಹೋಗಿ ಕೇಳಿಕೊಂಡೆ. ಅವರು ಜಗಲಿಯ ಫ್ಯಾನಿನ ಕೆಳಗೆ ನಶ್ಯ ಏರಿಸುತ್ತಾ ಕುಳಿತಿದ್ದರು. "ಕೆಳಗಿನ ಮನೆಯವರದ್ದು ಮಾಡಿದ್ದೇನೆ, ಪಕ್ಕದವರದ್ದು ಮಾಡಿದ್ದೇನೆ. ನಿಮ್ಮದು ಮಾತ್ರ ಮಾಡುವುದಿಲ್ಲ ಅಂತ ಯಾವ ಬಾಯಲ್ಲಿ ಹೇಳಲಿ ಟೀಚರೆ? ನಾನು ಒಲ್ಲೆ ಎಂದರೆ ಇನ್ನೊಬ್ಬ ಬರುತ್ತಾನೆ" ಎಂದರು. ಮುಖ ಸಪ್ಪಗಿತ್ತು. ನನಗೆ ಸಿಟ್ಟು ಬಂತು, ಕಾಫಿ ಕುಡಿಯದೆ ಎದ್ದು ಬಂದೆ.

ಮರ ಕಡಿಯಲು ಗೊತ್ತು ಮಾಡಿದ ಬೆಳಿಗ್ಗೆ ಎಲ್ಲರೂ ಬನದ ಎದುರು ಸೇರಿದೆವು. ಒಂದು ಕಡೆ ಸಾಯ್ಬರು ಮತ್ತು ಅವರ ಗರಗಸದ ಆಳುಗಳು, ಇನ್ನೊಂದು ಕಡೆ ನಾವು ಮನೆಯವರು. ಅಮ್ಮ ಗದ್ದೆಯ ಹುಣಿಯ ಮೇಲೆ ಕುಳಿತಿದ್ದಳು. ಇಂಥ ಕೆಲಸಕ್ಕೆ ಒಂದು ಕ್ರಮ ಉಂಟು. ಮರಕ್ಕೆ ಕೊಡಲಿ ಹಾಕುವ ಮೊದಲು ಅಲ್ಲಿ ವಾಸವಾಗಿರುವ ಜೀವಗಳಿಗೆ ಹಾಲು, ಎಳನೀರು, ಅರಳು ಇಟ್ಟು, ದಯವಿಟ್ಟು ಬೇರೆ ಕಡೆಗೆ ಹೋಗಿ ಎಂದು ಕೇಳಿಕೊಳ್ಳಬೇಕು. ಮಂತ್ರ ಮುಗಿದ ಮೇಲೆ ಭಟ್ಟರು ಅದನ್ನು ನಮಗೆಲ್ಲ ಕೇಳುವ ಹಾಗೆ ತುಳುವಿನಲ್ಲಿ ಗಟ್ಟಿಯಾಗಿ ಹೇಳುತ್ತಾರೆ, ನಾವು ಕೈ ಮುಗಿದು ನಿಲ್ಲುತ್ತೇವೆ. ಅದಾದರೆ ಮುಗಿಯಿತು, ಮತ್ತೆ ಕೊಡಲಿ.

ಭಟ್ಟರು ಬನಕ್ಕೆ ಮುಖ ಮಾಡಿ ನಿಂತು ಸುರು ಮಾಡಿದರು. ಅವರ ಪ್ರಾರ್ಥನೆಯ ಸ್ವರ ಚೆಂದ, ಊರಿಗೇ ಹೆಸರಾದದ್ದು. "ಈ ಬನದಲ್ಲಿ ಹಿಂದಿನಿಂದ ನೆಲೆಸಿ ಬಂದ ಸಮಸ್ತರೇ, ಹುತ್ತದಲ್ಲಿ ಇರುವವರೇ, ಪೊಟರೆಯಲ್ಲಿ ಇರುವವರೇ, ಕೊಂಬೆಯಲ್ಲಿ ಇರುವವರೇ, ಕಣ್ಣಿಗೆ ಕಾಣುವವರೇ, ಕಾಣದವರೇ, ಈ ಸಂಸಾರದವರು ಕೊಟ್ಟ ಹಾಲು ಎಳನೀರನ್ನು ಸ್ವೀಕರಿಸಿ, ಇವರ ಮೇಲೆ ಸಿಟ್ಟು ಇಟ್ಟುಕೊಳ್ಳದೆ, ಈ ಜಾಗವನ್ನು ಬಿಟ್ಟುಕೊಟ್ಟು, ಬೇರೆ..."

ಅಲ್ಲಿಗೆ ನಿಂತಿತು. ಮಾತು ಮರೆತಿರಬೇಕು ಎಂದುಕೊಂಡೆವು. ಅಣ್ಣ ಕಣ್ಣು ತೆರೆದು ಮೆಲ್ಲಗೆ, "ಬೇರೆ ಕಡೆಗೆ ಹೋಗಿ ಅಂತ ಹೇಳಿ ಭಟ್ರೆ" ಎಂದ.

"ಅದು ನನಗೆ ಗೊತ್ತುಂಟು" ಎಂದರು ಭಟ್ಟರು. "ಎಲ್ಲಿಗೆ?"

"ಎಂತ ಎಲ್ಲಿಗೆ?"

"ಎಲ್ಲಿಗೆ ಹೋಗಿ ಅಂತ ಹೇಳಲಿ? ಒಂದು ಜಾಗ ತೋರಿಸು, ಹೇಳುತ್ತೇನೆ."

ಅಣ್ಣ ತಬ್ಬಿಬ್ಬಾಗಿ ಸುತ್ತ ನೋಡಿದ. ನಾವೂ ನೋಡಿದೆವು. ಪಡುವಣಕ್ಕೆ ಗದ್ದೆ, ಆಚೆ ರಸ್ತೆ, ರಸ್ತೆಯ ಬದಿಯಲ್ಲಿ ಹೊಸ ಮನೆಗಳು. "ಪಕ್ಕದವರ ಬನಕ್ಕೆ ಹೋಗಲಿ" ಎಂದ.

"ಅದು ಎಲ್ಲಿ ಉಂಟು ಮಾರಾಯ? ಹೋದ ಬೇಸಗೆಯಲ್ಲಿ ನಾನೇ ನಿಂತು ಎಬ್ಬಿಸಿದ್ದಲ್ವಾ?"

"ಕೆಳಗಿನ ಮನೆಯದ್ದು?"

"ಅದನ್ನೂ ನಾನೇ." ಭಟ್ಟರು ಹೆಗಲ ಶಾಲಿನಿಂದ ಮುಖ ಒರೆಸಿಕೊಂಡರು. "ಅಲ್ಲೆಲ್ಲ ನಿಂತು ಹೇಳುವಾಗ ನನ್ನ ಮನಸ್ಸಿನಲ್ಲಿ ಇದ್ದದ್ದು ಈ ಬನ. ಇದೊಂದು ಉಂಟಲ್ಲ, ಇಲ್ಲಿಗೆ ಬಂದು ಸೇರಿಕೊಳ್ಳುತ್ತವೆ ಅಂತ ಧೈರ್ಯದಲ್ಲಿ ಹೇಳಿದೆ. ಈಗ ಇಲ್ಲಿ ನಿಂತು ಎಂತ ಹೇಳಲಿ, ನೀನೇ ಹೇಳು."

ಅಣ್ಣನಿಗೆ ರೇಗಿತು. ಸಾಯ್ಬರ ಎದುರು, ಆಳುಗಳ ಎದುರು ಮರ್ಯಾದೆ ಹೋದ ಹಾಗಾಯಿತು. "ಭಟ್ರೆ, ಕಾಲ ಮುಂದೆ ಹೋಗುತ್ತಾ ಉಂಟು. ನೀವು ಹೀಗೆ ಅಡ್ಡ ನಿಂತರೆ ಹೇಗೆ?"

"ಹೋಗಲಿ, ನಾನು ಬೇಡ ಅಂದೆನಾ? ಆ ಮುಂದಿನ ಕಾಲಕ್ಕೆ ಇವೂ ಬರಬೇಕಲ್ವಾ? ನಾವು ಮಾತ್ರ ಬಸ್ಸು ಹತ್ತಿ ಹೋದರೆ ಆಯ್ತಾ?"

ಆಗ ಹುಣಿಯ ಮೇಲೆ ಕುಳಿತಿದ್ದ ಅಮ್ಮ, "ಮೇಲಿನ ಗುಡ್ಡೆಗೆ ಹೋಗಿ ಅಂತ ಹೇಳಿ ಭಟ್ರೆ. ಅದು ನಮ್ಮದೇ ಜಾಗ" ಎಂದಳು.

ಮೇಲಿನ ಗುಡ್ಡೆ ಎಂದರೆ ಅಣ್ಣ ತನ್ನ ಹೊಸ ಮನೆಗೆ ಗೊತ್ತು ಮಾಡಿದ ಜಾಗ. ಗೂಟ ಹೊಡೆದು ಹಗ್ಗ ಕಟ್ಟಿ ಆಗಿತ್ತು, ಕೆಂಪು ಕಲ್ಲು ಬಂದು ಬಿದ್ದಿತ್ತು. ಮಸ್ಕತಿನ ಸೆಖೆಯಲ್ಲಿ ಆ ಮನೆಯನ್ನು ನೆನೆಸಿಕೊಂಡೇ ಅವನು ದಿನ ತೆಗೆಯುತ್ತಿದ್ದದ್ದು. "ಅಮ್ಮ! ಅದು ನನ್ನ ಮನೆಯ ಜಾಗ!" ಎಂದು ಕೂಗಿದ.

"ಹೌದು ಮಗ, ಗೊತ್ತುಂಟು. ನಿನಗೆ ಮಸ್ಕತಿನಲ್ಲಿ ಒಂದು ಕೋಣೆಯಾದರೂ ಉಂಟಲ್ವಾ?" ಎಂದಳು ಅಮ್ಮ. ಆಕೆ ಮುಗ್ಧತೆಯಿಂದ ಹೇಳಿದಳೋ, ಲೆಕ್ಕ ಹಾಕಿ ಹೇಳಿದಳೋ ನನಗೆ ಇವತ್ತಿಗೂ ಗೊತ್ತಾಗಿಲ್ಲ. ಕೇಳಿದರೆ ಎಲೆಯಡಿಕೆ ಬಾಯಿಗೆ ಹಾಕಿಕೊಳ್ಳುತ್ತಿದ್ದಳು.

ಭಟ್ಟರು ಅಣ್ಣನ ಮುಖವನ್ನೇ ನೋಡಿದರು. "ಅಲ್ಲಿಗೆ ಹೇಳುವುದಾದರೆ ಈಗಲೇ ಹೇಳುತ್ತೇನೆ. ಆದರೆ ಹೇಳಿದ ಮೇಲೆ ಅದು ಅವುಗಳದ್ದು. ನಾಳೆ ಅಲ್ಲಿ ನಿಂತು ಮತ್ತೆ ಏಳಿ ಅಂತ ಹೇಳಲಿಕ್ಕೆ ನಾನು ಬರುವುದಿಲ್ಲ. ಯೋಚಿಸಿ ಹೇಳು."

ಅಣ್ಣ ಒಮ್ಮೆ ಗುಡ್ಡೆಯನ್ನು ನೋಡಿದ, ಒಮ್ಮೆ ಬನವನ್ನು ನೋಡಿದ. ಮೊಣಕೈ ತುರಿಸಿಕೊಂಡ. "ಇವತ್ತು ಬೇಡ. ಮುಂದಿನ ರಜೆಯಲ್ಲಿ ನೋಡುವ" ಎಂದು ಹೇಳಿ ಯಾರ ಮುಖವನ್ನೂ ನೋಡದೆ ಮನೆಗೆ ಹೊರಟ. ಭಟ್ಟರು ಹಾಲನ್ನು ಹುತ್ತದ ಬುಡಕ್ಕೆ ಎರೆದು, "ತೊಂದರೆ ಕೊಟ್ಟೆವು, ಕ್ಷಮಿಸಬೇಕು" ಎಂದಷ್ಟೇ ಹೇಳಿ ಹೊರಗೆ ಬಂದರು. ಸಾಯ್ಬರು ಆಗಲೇ ಗರಗಸಕ್ಕೆ ಗೋಣಿ ಸುತ್ತಿಸುತ್ತಿದ್ದರು. "ಪ್ರಾರ್ಥನೆ ಅರ್ಧ ಆದ ಮರಕ್ಕೆ ನಮ್ಮವರು ಕೈ ಹಾಕುವುದಿಲ್ಲ ಟೀಚರೆ, ಅವರಿಗೂ ಹೆಂಡತಿ ಮಕ್ಕಳು ಉಂಟು" ಎಂದರು. ನನಗೆ ಕುಣಿಯುವಷ್ಟು ಸಂತೋಷ. ಊರೆದುರು ಕುಣಿಯುವ ಹಾಗಿರಲಿಲ್ಲ, ಅಷ್ಟೆ.

ಇದರಿಂದ ಭಟ್ಟರಿಗೆ ಮಾತ್ರ ಒಳ್ಳೆಯದಾಗಲಿಲ್ಲ. ಪ್ರಾರ್ಥನೆಯನ್ನು ಅರ್ಧಕ್ಕೆ ಬಿಟ್ಟ ಭಟ್ಟರು ಎಂಬ ಮಾತು ಕಾಪುವಿನವರೆಗೂ ಹೋಯಿತು. ಮದುವೆ, ಗೃಹಪ್ರವೇಶಕ್ಕೆ ಅಂಥವರನ್ನು ಕರೆಯಲು ಯಾರಿಗೆ ಧೈರ್ಯ? ಅದರ ಮೇಲೆ, ಬನ ಎಬ್ಬಿಸುವ ಕೆಲಸಕ್ಕೆ ಕರೆಯಲು ಬಂದವರಿಗೂ ಅವರು ಅದೇ ಪ್ರಶ್ನೆ ಕೇಳತೊಡಗಿದರು: ಎಲ್ಲಿಗೆ? ಕೇಳಿಸಿಕೊಂಡವರು ಮತ್ತೆ ಬರಲಿಲ್ಲ. ಸ್ಕೂಟರಿನಲ್ಲಿ ಓಡಾಡುವ ಒಬ್ಬರು ಎಳೆಯ ಭಟ್ಟರು ಆ ಮನೆಗಳನ್ನೆಲ್ಲ ಹಿಡಿದುಕೊಂಡರು. ಅವರು ಪ್ರಾರ್ಥನೆಯನ್ನು ಗಡಿಯಾರ ನೋಡಿಕೊಂಡು ಮುಗಿಸುತ್ತಿದ್ದರು.

ನಮ್ಮ ಭಟ್ಟರು ಇದನ್ನೆಲ್ಲ ನಗುನಗುತ್ತಾ ಸಹಿಸಿಕೊಂಡರು ಎಂದು ಬರೆದರೆ ಸುಳ್ಳಾಗುತ್ತದೆ. ಸಿಕ್ಕಿದಾಗಲೆಲ್ಲ ಗೊಣಗುತ್ತಿದ್ದರು. "ತುರಿಕೆ ನಿಮ್ಮ ಅಣ್ಣನಿಗೆ, ಪೆಟ್ಟು ನನ್ನ ಹೊಟ್ಟೆಗೆ" ಎನ್ನುತ್ತಿದ್ದರು. ಸ್ಕೂಟರಿನ ಭಟ್ಟರು ರಸ್ತೆಯಲ್ಲಿ ಎದುರಾದರೆ ಕೊಡೆಯನ್ನು ಆ ಕಡೆಗೆ ವಾಲಿಸಿ ಮುಖ ಮರೆಸಿಕೊಳ್ಳುತ್ತಿದ್ದರು. ಕಡಿಯಾಳಿಯ ಹೋಟೆಲಿಗೂ ಬರುವುದು ಕಡಿಮೆಯಾಯಿತು. ಒಮ್ಮೆ ನಾನೇ ಕರೆದುಕೊಂಡು ಹೋಗಿ ಎದುರು ಕುಳಿತು, "ಅವತ್ತು ನೀವು ಮಾಡಿದ್ದು ದೊಡ್ಡ ಕೆಲಸ ಭಟ್ರೆ" ಎಂದೆ. "ದೊಡ್ಡದೂ ಇಲ್ಲ, ಮಣ್ಣೂ ಇಲ್ಲ. ಬಾಯಿ ಏಳಲಿಲ್ಲ ಮಾರಾಯ್ತಿ. ಎದ್ದಿದ್ದರೆ ಹೇಳಿ ಮುಗಿಸಿ ಊಟ ಮಾಡಿ ಹೋಗುತ್ತಿದ್ದೆ" ಎಂದರು. ಅವರು ನನ್ನನ್ನು ಟೀಚರೆ ಎನ್ನದೆ ಮಾತಾಡಿದ್ದು ಅದೊಂದೇ ಸಲ.

ಅಣ್ಣನ ಮುಂದಿನ ರಜೆ ಬಂತು, ಅದರ ಮುಂದಿನದೂ ಬಂತು. ಗುಡ್ಡೆಯ ಮೇಲೆ ಅವನ ಮನೆ ಎದ್ದಿತು. ಬನದ ಮಾತನ್ನು ಅವನು ಎತ್ತಲಿಲ್ಲ, ನಾವೂ ನೆನಪು ಮಾಡಲಿಲ್ಲ. ತುರಿಕೆ ಎಂದೋ ವಾಸಿಯಾಗಿತ್ತು. ಅದರ ಕೀರ್ತಿಯನ್ನು ಅವನು ಮುಲಾಮಿಗೆ ಕೊಟ್ಟ, ಅಮ್ಮ ನಾಗನಿಗೆ ಕೊಟ್ಟಳು. ಅಷ್ಟು ಹೊತ್ತಿಗೆ ನಮ್ಮ ಸುತ್ತಿನಲ್ಲಿ ಮರ ಉಳಿದ ಬನ ನಮ್ಮದೊಂದೇ. ಸಂಜೆಯಾದರೆ ಅದರೊಳಗಿನ ಗದ್ದಲಕ್ಕೆ ರೇಡಿಯೋ ಕೇಳುತ್ತಿರಲಿಲ್ಲ. ಬಾವಲಿಗಳ ಜಗಳ ಒಂದು ಕಡೆ, ಹಕ್ಕಿಗಳದ್ದು ಇನ್ನೊಂದು ಕಡೆ. ಜಾಗ ಸಾಲದೆ ಒಂದನ್ನೊಂದು ತಳ್ಳಿಕೊಂಡು ಇದ್ದವೋ ಏನೋ.

ಎಂಬತ್ತರ ದಶಕದ ಕೊನೆಯಲ್ಲಿ ಭಟ್ಟರು ಮಣಿಪಾಲದ ಆಸ್ಪತ್ರೆಯಲ್ಲಿ ಮಲಗಿದರು. ಹೊಟ್ಟೆಯ ಕಾಯಿಲೆ, ವಾಸಿಯಾಗುವಂಥದ್ದಲ್ಲ ಎಂದು ಅವರ ಮಗ ಹೊರಗೆ ಕರೆದು ಹೇಳಿದ. ಅಣ್ಣ ರಜೆಯಲ್ಲಿ ಬಂದಿದ್ದ. ಇಬ್ಬರೂ ಒಂದು ಮಧ್ಯಾಹ್ನ ಕಿತ್ತಳೆ ಹಣ್ಣು ಹಿಡಿದುಕೊಂಡು ನೋಡಲು ಹೋದೆವು. ಅಷ್ಟು ದೊಡ್ಡ ಆಳು ಚಾದರದೊಳಗೆ ಇದ್ದಾರೋ ಇಲ್ಲವೋ ಎಂಬಷ್ಟು ಇಳಿದುಹೋಗಿದ್ದರು. ನನಗೆ ಅಳು ಬಂತು, ಅಲ್ಲಿಯೇ ಅತ್ತೆ. "ಎಂತ ಟೀಚರೆ, ಮಕ್ಕಳು ನೋಡಿದರೆ ನಗುತ್ತಾರೆ" ಎಂದರು. ಅಣ್ಣ ಅವರ ಕಾಲ ಬಳಿ ಸ್ಟೂಲು ಎಳೆದುಕೊಂಡು ಕುಳಿತ. ಮಸ್ಕತಿನ ಸುದ್ದಿ, ಮಳೆಯ ಸುದ್ದಿ ಮಾತಾಡಿದ. ಎಷ್ಟೋ ವರ್ಷಗಳಿಂದ ಒಳಗೆ ಇಟ್ಟುಕೊಂಡಿದ್ದನ್ನು ಕೊನೆಗೆ ಕೇಳಿದ.

"ಭಟ್ರೆ, ಸಿಟ್ಟು ಮಾಡಬಾರದು. ಅವತ್ತು ನೀವು ಆ ಮಾತನ್ನು ಪೂರ್ತಿ ಹೇಳಿದ್ದರೆ ಎಂತ ಆಗುತ್ತಿತ್ತು? ಅವಕ್ಕೆ ನಮ್ಮ ಮಾತು ಕೇಳುತ್ತದಾ?"

ಭಟ್ಟರು ಕಣ್ಣು ಮುಚ್ಚಿದರು. ನಿದ್ದೆ ಬಂತೇನೋ ಎಂದು ನಾವು ಏಳಲಿಕ್ಕೆ ಹೊರಟೆವು.

"ಕೇಳುತ್ತದೆ" ಎಂದರು. "ಹೇಳಿದರೆ ಹೋಗುತ್ತವೆ ಪಾಪ. ನಾನು ಹೇಳಿದ ಕಡೆಯಿಂದೆಲ್ಲ ಹೋಗಿವೆ."